ಅಪ್ಪ ಕೊಟ್ಟಿದ್ದಾ, ಅಪ್ಪನಿಗೆ ಕೊಟ್ಟಿದ್ದಾ? ಇಂಗ್ಲಿಷ್ ವಾಕ್ಯದ ಸೀಟು ಲೆಕ್ಕ

ಬಸ್ಸಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೂತಿರೋರಿಗೂ, ತೋಟದಲ್ಲಿ ನೀರು ಕಟ್ಟುತ್ತಾ ಕೇಳ್ತಿರೋರಿಗೂ ಸ್ವಾಗತ. ಇವತ್ತಿನ ಮಾತು ಇಂಗ್ಲಿಷ್ ವಾಕ್ಯದ ಬಗ್ಗೆ. ಹೆದರಬೇಡಿ, ಗ್ರಾಮರ್ ಪುಸ್ತಕ ತೆಗೆಯಲ್ಲ. ನಮ್ಮನೆ ಅರಿಶಿನದ ಕಥೆಯಿಂದ ಶುರು ಮಾಡ್ತೀನಿ.

ನಮ್ಮೂರು ಚಂದಕವಾಡಿ ಕಡೆ. ಈ ಭಾಗದ ಅರಿಶಿನ ತುಂಬಾ ಸಲ ಈರೋಡಿಗೆ ಹೋಗುತ್ತೆ. ನಾನು ಪಿಯುಸಿ ಓದ್ತಿದ್ದಾಗ ಒಬ್ಬ ಬ್ರೋಕರ್ ಅಪ್ಪನಿಗೆ ಐದು ಸಾವಿರ ಅಡ್ವಾನ್ಸ್ ಕೊಟ್ಟಿದ್ದರು. ಮಾಲು ಹೋದ ಮೇಲೆ ಈರೋಡಿನ ವ್ಯಾಪಾರಿಗೆ ಲೆಕ್ಕ ಬರೆದು ಕಳಿಸೋ ಕೆಲಸ ನನ್ನದು. ಬಾಯಲ್ಲಾದ್ರೆ ಅವರ ತಮಿಳು ನಮಗೆ, ನಮ್ಮ ಕನ್ನಡ ಅವರಿಗೆ ಹೇಗೋ ಅರ್ಥ ಆಗುತ್ತೆ. ಆದ್ರೆ ಅವರಿಗೆ ಕನ್ನಡ ಓದಕ್ಕೆ ಬರಲ್ಲ, ನನಗೆ ತಮಿಳು ಬರೆಯಕ್ಕೆ ಬರಲ್ಲ. ಹಾಗಾಗಿ ಇಂಗ್ಲಿಷಲ್ಲಿ ವಾಟ್ಸಾಪ್ ಮಾಡಿದೆ: 'ಫಾದರ್ ಗೇವ್ ಬ್ರೋಕರ್ ಫೈವ್ ಥೌಸಂಡ್ ಅಡ್ವಾನ್ಸ್.'

ನನ್ನ ತಲೆಯಲ್ಲಿ ಇದ್ದದ್ದು 'ಅಪ್ಪನಿಗೆ ಬ್ರೋಕರ್ ಕೊಟ್ರು' ಅಂತ. ಇಂಗ್ಲಿಷಲ್ಲಿ ಕ್ರಿಯಾಪದ ಮಧ್ಯದಲ್ಲಿ ಬರಬೇಕು ಅನ್ನೋದು ಗೊತ್ತಿತ್ತು. ಅದನ್ನ ಎತ್ತಿ ಇಬ್ಬರ ನಡುವೆ ಇಟ್ಟುಬಿಟ್ಟೆ. ವ್ಯಾಪಾರಿ ಓದಿಕೊಂಡದ್ದು, ಅಪ್ಪನೇ ಬ್ರೋಕರಿಗೆ ಐದು ಸಾವಿರ ಕೊಟ್ಟಿದ್ದಾರೆ, ಅಡ್ವಾನ್ಸ್ ವಾಪಸ್ ಆಗಿದೆ ಅಂತ. ಹಾಗಾಗಿ ಹಣ ಹಿಡಿಯದೆ ಪೂರ್ತಿ ಕಳಿಸಿದ್ರು. ಸಂಜೆ ಬ್ರೋಕರ್ ಮನೆ ಮುಂದೆ ನಿಂತು, 'ಎರಡೆರಡು ಕಡೆ ದುಡ್ಡು ತಗೊಂಡ್ರಾ?' ಅಂತ ಕೇಳಿದ್ರು. ಅಕ್ಕಪಕ್ಕದವರೆಲ್ಲ ಕೇಳಿಸಿಕೊಂಡ್ರು. ಅಪ್ಪ ಅಲ್ಲೇ ಹಣ ಎಣಿಸಿ ಕೊಟ್ಟು, ಆಮೇಲೆ ನನ್ನ ಕಡೆ ತಿರುಗಿ, 'ದುಡ್ಡು ಈಸ್ಕಂಡಂವ ನಾನು. ಕೊಟ್ಟಂವನೂ ನಾನೇ ಅಂತ ಬರ್ದಿದ್ದೀಯಲ್ಲ ಮಗ?' ಅಂದ್ರು. ಬೈಯಲಿಲ್ಲ. ಬೈದಿದ್ರೆ ಚೆನ್ನಾಗಿತ್ತು ಅನ್ನಿಸ್ತು.

ಆಗ ನನ್ನ ತಲೆಯೇ ಸರಿ ಇಲ್ಲ ಅಂದ್ಕೊಂಡಿದ್ದೆ. ಅಸಲಿ ವಿಷಯ ಬೇರೆ ಇತ್ತು.

ಬ್ರೋಕರ್, ಅಪ್ಪನಿಗೆ, ದುಡ್ಡು, ಕೊಟ್ರು. ಈ ನಾಲ್ಕು ಪದಗಳನ್ನ 24 ರೀತಿ ಜೋಡಿಸಬಹುದು. ಕೆಲವು ಪದ್ಯದ ಥರ ಕೇಳಿಸಬಹುದು, ಆದ್ರೆ ಕೊಟ್ಟವರು ಯಾರು ಅನ್ನೋದು ಒಂದು ಸಲವೂ ಬದಲಾಗಲ್ಲ. ಯಾಕಂದ್ರೆ 'ಅಪ್ಪನಿಗೆ' ಅನ್ನೋದರಲ್ಲಿರೋ 'ಇಗೆ' ಅನ್ನೋ ಬಾಲ ಪದದ ಜೊತೆಗೇ ಓಡಾಡುತ್ತೆ. ಅಪ್ಪ ಎಲ್ಲಿ ಕೂತ್ರೂ ಅವರ ಟಿಕೆಟ್ ಅವರ ಕೈಯಲ್ಲೇ ಇರುತ್ತೆ. ಇಂಗ್ಲಿಷಲ್ಲಿ ಟಿಕೆಟ್ ಇಲ್ಲ, ಸೀಟ್ ನಂಬರ್ ಮಾತ್ರ. ಕ್ರಿಯಾಪದದ ಮುಂದಿನ ಸೀಟಲ್ಲಿ ಕೂತವರು ಕೆಲಸ ಮಾಡಿದವರು. ಸೀಟು ಬದಲಾದ್ರೆ ಅರ್ಥವೂ ಬದಲು.

ಸಾವಿರ ವರ್ಷದ ಹಿಂದಿನ ಇಂಗ್ಲಿಷಲ್ಲಿ ನಾಮಪದಗಳಿಗೆ ನಮ್ಮ ವಿಭಕ್ತಿ ಥರದ ಬಾಲಗಳಿದ್ವು. ಕಾಲಕ್ರಮೇಣ ಅವು ಸವೆದುಹೋಗಿ, ಆ ಕೆಲಸವನ್ನ ಪದಗಳ ಜಾಗ ವಹಿಸಿಕೊಂಡಿತು. 'ಹಿ' ಮತ್ತು 'ಹಿಮ್', 'ಐ' ಮತ್ತು 'ಮಿ' ಆ ಕಾಲದ ಉಳಿಕೆಗಳು.

ಗುಂಡ್ಲುಪೇಟೆ ಕಡೆ ಕೇರಳದವರ ಜೊತೆ ತರಕಾರಿ, ಹೂವು ವ್ಯಾಪಾರ ಮಾಡೋರನ್ನ ನೋಡಿ. ಶಾಲೆಗೆ ಹೋಗದವರೂ ಮಲಯಾಳಂ ಮಾತಾಡ್ತಾರೆ. ಎರಡರಲ್ಲೂ ವಾಕ್ಯದ ಚೌಕಟ್ಟು ಹೆಚ್ಚುಕಮ್ಮಿ ಒಂದೇ, ಪದ ಬದಲಿಸಿದ್ರೆ ಬಹುಪಾಲು ಕೆಲಸ ಆಯ್ತು. ತಮಿಳೂ ಹಾಗೇ. ಇಂಗ್ಲಿಷಲ್ಲಿ ಚೌಕಟ್ಟೇ ತಿರುಗುಮುರುಗು. 'ಮೇಜಿನ ಮೇಲೆ' ಅಂತೀವಿ ನಾವು, 'ಆನ್ ದ ಟೇಬಲ್' ಅಂತಾರೆ ಅವರು. 'ನಿನ್ನೆ ಮಾರಿದ ಅರಿಶಿನ' ಅನ್ನೋದು 'ದ ಟರ್ಮರಿಕ್ ದಟ್ ವಿ ಸೋಲ್ಡ್ ಎಸ್ಟರ್ಡೇ' ಆಗುತ್ತೆ. ನಮ್ಮಲ್ಲಿ ಮೊದಲು ವಿವರ, ಆಮೇಲೆ ಅರಿಶಿನ. ಅವರಲ್ಲಿ ಮೊದಲು ಅರಿಶಿನ, ಆಮೇಲೆ ವಿವರ. 1963ರಲ್ಲಿ ಜೋಸೆಫ್ ಗ್ರೀನ್‌ಬರ್ಗ್ ಅನ್ನೋ ಭಾಷಾವಿಜ್ಞಾನಿ 30 ಭಾಷೆಗಳನ್ನ ಹೋಲಿಸಿ ನೋಡಿದ್ರು. ಕ್ರಿಯಾಪದ ಕೊನೆಗೆ ಬರೋ ಭಾಷೆಗಳಲ್ಲಿ ಇಂಥ 'ಮೇಲೆ', 'ಒಳಗೆ' ಕೂಡ ಸಾಮಾನ್ಯವಾಗಿ ನಾಮಪದದ ಹಿಂದೆಯೇ ಬರುತ್ತವೆ ಅಂತ ಕಂಡುಕೊಂಡ್ರು. ಅಂದ್ರೆ ನಾವು ಹತ್ತು ತಪ್ಪು ಮಾಡ್ತಿಲ್ಲ. ಒಂದೇ ಕನ್ನಡಿ ಹತ್ತು ಕಡೆ ಕಾಣಿಸ್ತಿದೆ.

ಈಗ ಎಲ್ಲರೂ ಎಡವೋ ಮೂರು ಜಾಗ ನೋಡೋಣ.

ಮೊದಲನೇದು ಪ್ರಶ್ನೆ. 'ಬರ್ತೀಯ' ಅನ್ನೋದನ್ನ ಸ್ವಲ್ಪ ಎಳೆದು 'ಬರ್ತೀಯಾ?' ಅಂದ್ರೆ ನಮ್ಮಲ್ಲಿ ಪ್ರಶ್ನೆ ರೆಡಿ. ಇಂಗ್ಲಿಷಲ್ಲಿ ಸಹಾಯಕ ಕ್ರಿಯಾಪದ ಎದ್ದು ಕರ್ತೃವಿನ ಮುಂದೆ ಬರಬೇಕು. 'ಯು ಆರ್ ಕಮಿಂಗ್' ಅನ್ನೋದು 'ಆರ್ ಯು ಕಮಿಂಗ್?' ಆಗುತ್ತೆ. ಅದಕ್ಕೇ 'ವೇರ್ ಯು ಆರ್ ವರ್ಕಿಂಗ್?' ತಪ್ಪು, 'ವೇರ್ ಆರ್ ಯು ವರ್ಕಿಂಗ್?' ಸರಿ. ಎದ್ದು ಬರೋಕೆ ಸಹಾಯಕ ಇಲ್ಲದಿದ್ರೆ 'ಡು', 'ಡಸ್', 'ಡಿಡ್' ಬಾಡಿಗೆಗೆ ಬರುತ್ತೆ. 'ಡಿಡ್' ಬಂದ ಮೇಲೆ ಭೂತಕಾಲದ ಭಾರ ಅದೇ ಹೊರುತ್ತೆ, ಹಾಗಾಗಿ 'ಡಿಡ್ ಯು ವೆಂಟ್' ಅಲ್ಲ, 'ಡಿಡ್ ಯು ಗೋ'.

ಎರಡನೇದು ಪ್ರಶ್ನೆಯ ವೇಷದ ವಾಕ್ಯ. 'ಬಸ್ ಸ್ಟ್ಯಾಂಡ್ ಎಲ್ಲಿದೆ?' ಅನ್ನೋದು 'ವೇರ್ ಈಸ್ ದ ಬಸ್ ಸ್ಟ್ಯಾಂಡ್?' ಇಷ್ಟು ಕಲಿತವರು ಮುಂದೆ 'ಐ ಡೋಂಟ್ ನೋ ವೇರ್ ಈಸ್ ದ ಬಸ್ ಸ್ಟ್ಯಾಂಡ್' ಅಂತಾರೆ. ಇಲ್ಲಿ ಯಾರನ್ನೂ ಏನೂ ಕೇಳ್ತಿಲ್ಲ, ಗೊತ್ತಿಲ್ಲ ಅಂತಿದ್ದೀವಿ ಅಷ್ಟೆ. ಕೇಳದಿದ್ರೆ ಸೀಟು ಬದಲಾಗಬಾರದು. 'ಐ ಡೋಂಟ್ ನೋ ವೇರ್ ದ ಬಸ್ ಸ್ಟ್ಯಾಂಡ್ ಈಸ್.' ಕನ್ನಡದಲ್ಲಿ 'ಎಲ್ಲಿದೆ ಅಂತ ಗೊತ್ತಿಲ್ಲ' ಅನ್ನುವಾಗ ಆ 'ಅಂತ' ಮಾಡೋ ಕೆಲಸವನ್ನ ಅಲ್ಲಿ ಜಾಗ ಮಾಡುತ್ತೆ.

ಮೂರನೇದು ನನಗೆ ತುಂಬಾ ಇಷ್ಟ. 'ನೀನು ಮನೆಗೆ ಎಷ್ಟನೇ ಮಗ?' ಇದನ್ನ ಇಂಗ್ಲಿಷಲ್ಲಿ ಕೇಳಿ ನೋಡಿ. ನಮ್ಮ 'ಎಷ್ಟನೇ'ಗೆ ಸರಿಸಮನಾದ, ಬಳಕೆಯಲ್ಲಿರೋ ಒಂದು ಪದ ಅಲ್ಲಿಲ್ಲ. 'ಆರ್ ಯು ದ ಫಸ್ಟ್ ಚೈಲ್ಡ್ ಆರ್ ದ ಸೆಕೆಂಡ್?' ಅಂತ ಸುತ್ತಿ ಬರಬೇಕು. ಇಲ್ಲಿ ತಡವರಿಸಿದ್ರೆ ತಪ್ಪು ನಿಮ್ಮದಲ್ಲ, ಕೊರತೆ ಆ ಭಾಷೆಯದ್ದು.

ಹಾಗಾದ್ರೆ ಏನು ಮಾಡಬೇಕು? ನಾನು ಮಾಡೋದು ಇಷ್ಟೇ. ಮೆಸೇಜ್ ಕಳಿಸೋ ಮುಂಚೆ ಮೂರು ಪ್ರಶ್ನೆ ಕೇಳ್ಕೊಳ್ತೀನಿ: ಮಾಡಿದವರು ಯಾರು, ಏನು ಮಾಡಿದ್ರು, ಯಾರಿಗೆ? ಅದೇ ಸಾಲಲ್ಲಿ ಕೂರಿಸ್ತೀನಿ. ದುಡ್ಡಿನ ವಿಷಯ ಆದ್ರೆ 'ಟು', 'ಫ್ರಮ್' ಹಾಕದೆ ಬಿಡಲ್ಲ. 'ದ ಬ್ರೋಕರ್ ಗೇವ್ ಫೈವ್ ಥೌಸಂಡ್ ಟು ಮೈ ಫಾದರ್.' ಆಮೇಲೆ ಒಂದು ಸಲ ಜೋರಾಗಿ ಓದ್ತೀನಿ.

ಈಗಲೂ ಈರೋಡಿಗೆ ಲೆಕ್ಕ ಬರೆಯೋದು ನಾನೇ. ಕಳಿಸೋ ಮುಂಚೆ ಅಪ್ಪ ಪಕ್ಕದಲ್ಲಿ ನಿಂತು ಕೇಳೋದು ಒಂದೇ ಮಾತು: 'ಈ ಸಲ ಕೊಟ್ಟಂವ ಯಾರು ಮಗ?' ನೀವೂ ಇವತ್ತು ಒಂದು ಇಂಗ್ಲಿಷ್ ಮೆಸೇಜ್ ಬರೆದು, ಕಳಿಸೋ ಮುಂಚೆ ಅದನ್ನೇ ಕೇಳ್ಕೊಳ್ಳಿ.