ಹೊಸ ಕೋಚ್ ಬಂದಾಗ ಹಳೆಯ ಸಹಾಯಕರು ಇರಬೇಕೇ?

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಂಘಟಕರು ನನಗೆ ಕೊಟ್ಟ ವಿಷಯ ‘ನಾಯಕತ್ವ’. ನಾನು ಬಿ.ಇ. ಓದಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನು. ನಾಯಕತ್ವದ ಬಗ್ಗೆ ಹಿರಿಯರ ಮುಂದೆ ಉಪದೇಶ ಮಾಡುವ ವಯಸ್ಸು ನನ್ನದಲ್ಲ. ಆದರೆ ನನಗೆ ಫುಟ್ಬಾಲ್ ನೋಡುವ ಹುಚ್ಚು ಇದೆ. ಆ ಆಟದಲ್ಲಿ ಪ್ರತಿವರ್ಷ ಎದುರಾಗುವ ಒಂದು ಪ್ರಶ್ನೆಯನ್ನು ತೆಗೆದುಕೊಂಡು ಮಾತಾಡುತ್ತೇನೆ. ನಮ್ಮ ಶಾಲೆಗೂ ಅದಕ್ಕೂ ಸಂಬಂಧವಿದೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಪ್ರಶ್ನೆ ಇಷ್ಟೇ. ಒಂದು ತಂಡಕ್ಕೆ ಹೊಸ ಮುಖ್ಯ ಕೋಚ್ ಬರುತ್ತಾರೆ. ಹಿಂದಿನ ಕೋಚ್ ಜೊತೆ ಕೆಲಸ ಮಾಡಿದ ಸಹಾಯಕ ಕೋಚ್‌ಗಳು ಅಲ್ಲಿಯೇ ಇದ್ದಾರೆ. ಹೊಸಬರು ಅವರನ್ನು ಉಳಿಸಿಕೊಳ್ಳಬೇಕೇ, ಅಥವಾ ಎಲ್ಲರನ್ನೂ ಕಳಿಸಿ ತಮ್ಮವರನ್ನು ತರಬೇಕೇ?

ಫುಟ್ಬಾಲ್ ನೋಡದವರಿಗೆ ಒಂದು ಮಾತು. ಪಂದ್ಯದ ದಿನ ಟಿವಿಯಲ್ಲಿ ಕಾಣುವುದು ಮುಖ್ಯ ಕೋಚ್ ಒಬ್ಬರೇ. ಆದರೆ ವಾರವಿಡೀ ಮೈದಾನದಲ್ಲಿ ಹುಡುಗರ ಜೊತೆ ಇರುವವರು ಸಹಾಯಕರು. ಯಾವ ಆಟಗಾರ ಕಾಲುನೋವನ್ನು ಮುಚ್ಚಿಟ್ಟು ಆಡುತ್ತಿದ್ದಾನೆ, ಯಾರಿಗೆ ಗದರಿದರೆ ಕೆಲಸವಾಗುತ್ತದೆ, ಯಾರಿಗೆ ಹೆಗಲ ಮೇಲೆ ಕೈ ಹಾಕಿ ಹೇಳಬೇಕು ಎಂಬುದು ಅವರಿಗೆ ಗೊತ್ತು. ನಮ್ಮ ಕಡೆ ಕೆರೆಗೆ ನೀರುಗಂಟಿ ಇದ್ದಂತೆ. ಯಾವ ತೂಬು ಎಷ್ಟು ಎತ್ತಿದರೆ ಯಾರ ಗದ್ದೆಗೆ ನೀರು ಮುಟ್ಟುತ್ತದೆ ಎಂಬುದು ಕಾಗದದಲ್ಲಿ ಇರುವುದಿಲ್ಲ, ನೀರುಗಂಟಿಯ ತಲೆಯಲ್ಲಿರುತ್ತದೆ.

ಈಗ ಮೊದಲ ಉದಾಹರಣೆ. ಇಂಗ್ಲೆಂಡಿನ ಲಿವರ್‌ಪೂಲ್ ಕ್ಲಬ್ 1959ರಲ್ಲಿ ಎರಡನೇ ದರ್ಜೆಯ ಲೀಗ್‌ನಲ್ಲಿ ಒದ್ದಾಡುತ್ತಿತ್ತು. ಆ ವರ್ಷ ಡಿಸೆಂಬರ್‌ನಲ್ಲಿ ಬಿಲ್ ಶ್ಯಾಂಕ್ಲಿ ಮ್ಯಾನೇಜರ್ ಆಗಿ ಬಂದರು. ಅಲ್ಲಿ ಬಾಬ್ ಪೈಸ್ಲಿ, ಜೋ ಫೇಗನ್, ರೂಬೆನ್ ಬೆನೆಟ್ ಎಂಬ ತರಬೇತುದಾರರಿದ್ದರು. ಹೊಸ ಮ್ಯಾನೇಜರ್ ಬಂದರು, ಇನ್ನು ನಮ್ಮ ಗಂಟುಮೂಟೆ ಕಟ್ಟಬೇಕು ಎಂದು ಯಾರಾದರೂ ಅಂದುಕೊಳ್ಳುವ ಸಂದರ್ಭ. ಶ್ಯಾಂಕ್ಲಿ ಅವರ ಕೆಲಸ ಕಿತ್ತುಕೊಳ್ಳಲಿಲ್ಲ. ಕೇಳಿದ್ದು ಒಂದನ್ನೇ, ನಿಷ್ಠೆ. ಆದರೆ ಆಟಗಾರರ ವಿಷಯದಲ್ಲಿ ಅವರು ಕಠಿಣವಾಗಿದ್ದರು. ಒಂದೇ ವರ್ಷದಲ್ಲಿ 24 ಆಟಗಾರರನ್ನು ಹೊರಗೆ ಕಳಿಸಿದರು.

ಆ ಮೈದಾನದಲ್ಲಿ ಬೂಟುಗಳನ್ನು ಇಡುವ ಒಂದು ಸಣ್ಣ ಕೋಣೆಯಿತ್ತು. ಈ ಕೋಚ್‌ಗಳು ಅಲ್ಲೇ ಕುಳಿತು ಆಟದ ಬಗ್ಗೆ ಚರ್ಚಿಸುತ್ತಿದ್ದರು, ದಿನದ ತರಬೇತಿಯನ್ನು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಅದಕ್ಕೆ ‘ಬೂಟ್ ರೂಮ್’ ಎಂದೇ ಹೆಸರಾಯಿತು. ತಂಡ 1962ರಲ್ಲಿ ಮೇಲಿನ ದರ್ಜೆಗೆ ಏರಿತು, 1964ರಲ್ಲಿ ಲೀಗ್ ಗೆದ್ದಿತು. 1974ರಲ್ಲಿ ಶ್ಯಾಂಕ್ಲಿ ರಾಜೀನಾಮೆ ಕೊಟ್ಟಾಗ ಆ ಕೋಣೆಯಿಂದಲೇ ಪೈಸ್ಲಿ ಎದ್ದು ಬಂದರು. ಒಂಬತ್ತು ವರ್ಷಗಳಲ್ಲಿ 6 ಲೀಗ್ ಪ್ರಶಸ್ತಿ, 3 ಯುರೋಪಿಯನ್ ಕಪ್. ಅವರ ನಂತರ ಫೇಗನ್ ಬಂದು ಮೊದಲ ವರ್ಷದಲ್ಲೇ ಮೂರು ಕಪ್ ಗೆದ್ದರು. 1959ರಲ್ಲಿ ಇವರನ್ನು ಮನೆಗೆ ಕಳಿಸಿದ್ದರೆ ಈ ಚರಿತ್ರೆ ಇರುತ್ತಿರಲಿಲ್ಲ.

ಎರಡನೆಯದು ಮ್ಯಾಂಚೆಸ್ಟರ್ ಯುನೈಟೆಡ್. ಅಲೆಕ್ಸ್ ಫರ್ಗುಸನ್ 26 ವರ್ಷ ನಡೆಸಿದ ತಂಡ. 2013ರಲ್ಲಿ ಲೀಗ್ ಗೆದ್ದು ಅವರು ನಿವೃತ್ತರಾದರು. ಡೇವಿಡ್ ಮೋಯೆಸ್ ಬಂದರು. ಫರ್ಗುಸನ್ ಜೊತೆಗಿದ್ದ ಮೈಕ್ ಫೆಲನ್, ರೆನೆ ಮ್ಯೂಲೆನ್‌ಸ್ಟೀನ್, ಗೋಲ್‌ಕೀಪರ್‌ಗಳ ಕೋಚ್ ಎರಿಕ್ ಸ್ಟೀಲ್, ಮೂವರೂ ಹೊರಟರು. ಮೋಯೆಸ್ ಅವರ ಹಿಂದಿನ ಕ್ಲಬ್ಬಿನ ಸಹಾಯಕರು ಬಂದರು. ಅದೇ ಬೇಸಿಗೆಯಲ್ಲಿ ಕ್ಲಬ್ಬಿನ ಆಡಳಿತ ನೋಡುತ್ತಿದ್ದ ಡೇವಿಡ್ ಗಿಲ್ ಕೂಡ ಹುದ್ದೆ ಬಿಟ್ಟರು. ಚಾಂಪಿಯನ್ ತಂಡ ಮುಂದಿನ ವರ್ಷ 7ನೇ ಸ್ಥಾನಕ್ಕೆ ಇಳಿಯಿತು. 89 ಅಂಕಗಳು 64ಕ್ಕೆ ಕುಸಿದವು. ಆರು ವರ್ಷದ ಕರಾರಿನ ಮೇಲೆ ಬಂದ ಮೋಯೆಸ್ ಹತ್ತು ತಿಂಗಳಲ್ಲಿ ಕೆಲಸ ಕಳೆದುಕೊಂಡರು. ಆಟಗಾರರಿಗೆ ವಯಸ್ಸಾಗಿತ್ತು ಎಂಬುದೂ ನಿಜ, ಎಲ್ಲ ತಪ್ಪೂ ಅವರದಲ್ಲ. ಆದರೆ “ಇಲ್ಲಿ ಇದನ್ನು ಹೀಗೇಕೆ ಮಾಡುತ್ತಿದ್ದರು?” ಎಂದು ಕೇಳಿದರೆ ಉತ್ತರ ಹೇಳಬಲ್ಲವರಲ್ಲಿ ಹೆಚ್ಚಿನವರು ಒಟ್ಟಿಗೇ ಹೋಗಿಬಿಟ್ಟಿದ್ದರು.

ಹಾಗಾದರೆ ಹಳಬರನ್ನು ಉಳಿಸಿಕೊಂಡರೆ ಗೆಲುವು ಖಚಿತವೇ? ಅದೂ ಇಲ್ಲ. ಅದೇ ಯುನೈಟೆಡ್‌ಗೆ 2018ರ ಡಿಸೆಂಬರ್‌ನಲ್ಲಿ ಸೋಲ್‌ಶೇರ್ ಬಂದಾಗ, ಐದು ವರ್ಷದ ಹಿಂದೆ ಹೋಗಿದ್ದ ಫೆಲನ್ ಅವರನ್ನು ಮತ್ತೆ ಕರೆಸಲಾಯಿತು. ಹಿಂದಿನ ಕೋಚ್ ಕಾಲದ ಕ್ಯಾರಿಕ್, ಮೆಕೆನ್ನಾ ಇಬ್ಬರೂ ಉಳಿದರು. ಮೊದಲ ಎಂಟು ಪಂದ್ಯಗಳನ್ನೂ ಗೆದ್ದರು. ಆದರೆ ಸೋಲ್‌ಶೇರ್ ಕಾಲದಲ್ಲಿ ಒಂದು ಕಪ್ಪೂ ಬರಲಿಲ್ಲ, 2021ರಲ್ಲಿ ಅವರೂ ಹೋಗಬೇಕಾಯಿತು.

ಹೊಸ ಕೋಚ್ ತಮ್ಮವರನ್ನು ಬಯಸುವುದರಲ್ಲೂ ನ್ಯಾಯವಿದೆ. ಅವರ ಆಟದ ರೀತಿ ಗೊತ್ತಿರುವ, ಅರ್ಧ ಮಾತಿನಲ್ಲಿ ಅರ್ಥ ಮಾಡಿಕೊಳ್ಳುವ ಒಬ್ಬರು ಪಕ್ಕದಲ್ಲಿ ಬೇಕು. “ಸರ್, ಇದು ಸರಿಯಿಲ್ಲ” ಎಂದು ಮುಖಕ್ಕೆ ಹೇಳುವ ಒಬ್ಬರು ಬೇಕು. ಬ್ರಯಾನ್ ಕ್ಲಫ್ ಎಂಬ ಪ್ರಸಿದ್ಧ ಮ್ಯಾನೇಜರ್ ಇದ್ದರು. ಅವರ ಜೊತೆಗಾರ ಪೀಟರ್ ಟೇಲರ್. 1974ರಲ್ಲಿ ಕ್ಲಫ್ ಲೀಡ್ಸ್ ಕ್ಲಬ್‌ಗೆ ಹೋದಾಗ ಟೇಲರ್ ಅವರ ಜೊತೆ ಹೋಗಲಿಲ್ಲ. ಕ್ಲಫ್ ಅಲ್ಲಿ ಉಳಿದದ್ದು 44 ದಿನ. ಮುಂದೆ ನಾಟಿಂಗ್‌ಹ್ಯಾಮ್ ಫಾರೆಸ್ಟ್‌ನಲ್ಲಿ ಇಬ್ಬರೂ ಮತ್ತೆ ಕೂಡಿದರು. ಆ ಸಣ್ಣ ಕ್ಲಬ್ 1979 ಮತ್ತು 1980ರಲ್ಲಿ ಯುರೋಪಿಯನ್ ಕಪ್ ಗೆದ್ದಿತು.

ಇನ್ನು ಇತ್ತೀಚಿನದು. 2024ರಲ್ಲಿ ಲಿವರ್‌ಪೂಲ್‌ನಿಂದ ಯುರ್ಗನ್ ಕ್ಲಾಪ್ ಹೋದಾಗ ಅವರ ಮುಖ್ಯ ಸಹಾಯಕರೂ ಜೊತೆಗೇ ಹೊರಟರು. ಆರ್ನೆ ಸ್ಲಾಟ್ ತಮ್ಮ ಹಳೆಯ ಕ್ಲಬ್ಬಿನಿಂದ ಸಹಾಯಕರನ್ನು ಕರೆತಂದು, ಮೊದಲ ವರ್ಷವೇ ಲೀಗ್ ಗೆದ್ದರು. ಇದು ನನ್ನ ವಾದಕ್ಕೆ ವಿರುದ್ಧ ಎಂದು ನಿಮಗನಿಸಬಹುದು. ಸ್ವಲ್ಪ ಹತ್ತಿರದಿಂದ ನೋಡಿ. ಆಟಗಾರರು ಬಹುತೇಕ ಹಳಬರೇ, ಆ ವರ್ಷ ಹೊಸದಾಗಿ ತಂಡ ಸೇರಿ ಆಡಿದ ಪ್ರಮುಖ ಆಟಗಾರ ಕಿಯೆಸಾ ಒಬ್ಬನೇ. ಗೋಲ್‌ಕೀಪರ್‌ಗಳ ಕೋಚ್ ಟಫರೆಲ್ ಉಳಿದರು. ಹಿಂದೆ ಅಲ್ಲೇ ಕೆಲಸ ಮಾಡಿ ಬಿಟ್ಟಿದ್ದ ಮೈಕೆಲ್ ಎಡ್ವರ್ಡ್ಸ್ ಆಡಳಿತಕ್ಕೆ ಮರಳಿದ್ದರು. ಕೋಚ್‌ಗಳು ಬದಲಾದರೂ ಮನೆಯ ನೆನಪು ಮನೆಯಲ್ಲೇ ಇತ್ತು.

ನಮ್ಮ ಬೆಂಗಳೂರು ಎಫ್‌ಸಿಯನ್ನೂ ಹೇಳಬೇಕು. 2016ರಲ್ಲಿ ಆಲ್ಬರ್ಟ್ ರೋಕಾ ಕೋಚ್ ಆಗಿ ಬಂದಾಗ ಸಹಾಯಕರಾಗಿದ್ದವರು ಕಾರ್ಲೆಸ್ ಕ್ವಾಡ್ರಾಟ್. 2018ರಲ್ಲಿ ರೋಕಾ ಹೋದ ಮೇಲೆ ಕ್ಲಬ್ ಹೊರಗಿನವರನ್ನು ಹುಡುಕದೆ ಈ ಸಹಾಯಕರನ್ನೇ ಮುಖ್ಯ ಕೋಚ್ ಮಾಡಿತು. 2019ರ ಮಾರ್ಚ್‌ನಲ್ಲಿ ಮುಂಬೈಯಲ್ಲಿ ನಡೆದ ಫೈನಲ್‌ನಲ್ಲಿ ಗೋವಾವನ್ನು 1-0ರಿಂದ ಸೋಲಿಸಿ ಬೆಂಗಳೂರು ಮೊದಲ ಸಲ ಐಎಸ್‌ಎಲ್ ಗೆದ್ದಿತು.

ಇಷ್ಟನ್ನೂ ನೋಡಿದ ಮೇಲೆ ನನಗೆ ಅನಿಸುವುದು ಇದು. ಹೊಸ ಕೋಚ್ ತಮ್ಮವರನ್ನು ಒಬ್ಬಿಬ್ಬರನ್ನು ತರಲಿ. ಆದರೆ ಹಳಬರಲ್ಲಿ ಕನಿಷ್ಠ ಒಬ್ಬರನ್ನು ಹತ್ತಿರ ಇಟ್ಟುಕೊಳ್ಳಲಿ. ಯಾರು ಇರಬೇಕು, ಯಾರು ಹೋಗಬೇಕು ಎಂಬುದನ್ನು ಬಂದ ದಿನವೇ ತೀರ್ಮಾನಿಸದೆ, ಅವರ ಕೆಲಸ ನೋಡಿ, ಮಾತು ಕೇಳಿ ತೀರ್ಮಾನಿಸಲಿ. ಹುದ್ದೆ ತನಗೇ ಸಿಗಬೇಕಿತ್ತು ಎಂದು ಮುನಿಸಿಕೊಂಡು ಹಿಂದಿನಿಂದ ಕಾಲೆಳೆಯುವವರಿದ್ದರೆ ಅವರನ್ನು ಉಳಿಸಿಕೊಳ್ಳುವ ಹಂಗಿಲ್ಲ. ಎಲ್ಲರೂ ಒಟ್ಟಿಗೆ ಹೋಗುವಂತೆ ಮಾತ್ರ ಆಗಬಾರದು.

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲೂ ಇದೇ ನಿಯಮ. ಎಲ್ಲವನ್ನೂ ಒಂದೇ ದಿನ ಬದಲಿಸಿದರೆ, ಕೆಟ್ಟಾಗ ಯಾವುದರಿಂದ ಕೆಟ್ಟಿತು ಎಂದು ತಿಳಿಯುವುದಿಲ್ಲ. ನಾನು ಹಿಂದೆ ಕೆಲಸ ಮಾಡಿದ ಒಂದು ಕಂಪನಿಯಲ್ಲಿ ಹೊಸ ಅಧಿಕಾರಿ ಬಂದು ಮೂರು ಜನ ಹಿರಿಯರನ್ನು ಒಂದೇ ತಿಂಗಳಲ್ಲಿ ಬೇರೆಡೆಗೆ ಕಳಿಸಿದರು. ಮುಂದೆ ಒಂದು ರಾತ್ರಿ ವ್ಯವಸ್ಥೆ ನಿಂತುಹೋದಾಗ, ಆ ಹಳೆಯ ಭಾಗವನ್ನು ಹಾಗೇಕೆ ಬರೆದಿದ್ದಾರೆ ಎಂದು ಹೇಳಲು ಯಾರೂ ಇರಲಿಲ್ಲ. ಬೆಳಗಿನ ತನಕ ಕುಳಿತು ನಾವೇ ಓದಿ ಅರ್ಥ ಮಾಡಿಕೊಂಡೆವು.

ಈಗ ನಮ್ಮ ಶಾಲೆಯ ಮಾತು. ಸರ್ಕಾರಿ ಶಾಲೆಯ ಮುಖ್ಯೋಪಾಧ್ಯಾಯರಿಗೆ ತಮ್ಮ ಸಹ ಶಿಕ್ಷಕರನ್ನು ಆರಿಸಿಕೊಳ್ಳುವ ಅವಕಾಶವಿಲ್ಲ. ಕೌನ್ಸೆಲಿಂಗ್ ಆಗುತ್ತದೆ, ವರ್ಗಾವಣೆ ಆದೇಶ ಬರುತ್ತದೆ, ಬರುವವರು ಬರುತ್ತಾರೆ, ಹೋಗುವವರು ಹೋಗುತ್ತಾರೆ. ಒಂದೇ ವರ್ಷ ಮುಖ್ಯೋಪಾಧ್ಯಾಯರೂ, ಗಣಿತ, ಇಂಗ್ಲಿಷ್ ಶಿಕ್ಷಕರೂ, ದೈಹಿಕ ಶಿಕ್ಷಕರೂ ಒಟ್ಟಿಗೆ ಹೋಗಿಬಿಡಬಹುದು. ಆಗ ಯಾವ ಹುಡುಗಿಯನ್ನು ಶಾಲೆ ಬಿಡಿಸುವ ಮಾತು ಮನೆಯಲ್ಲಿ ನಡೆದಿದೆ, ಯಾವ ಹುಡುಗ ಬೆಳಿಗ್ಗೆ ಹಾಲು ಕರೆದು ಡೇರಿಗೆ ಹಾಕಿ ತಡವಾಗಿ ಬರುತ್ತಾನೆ, ಹತ್ತನೇ ತರಗತಿಯಲ್ಲಿ ಯಾರು ಲೆಕ್ಕಕ್ಕೆ ಹೆದರುತ್ತಾರೆ ಎಂಬುದು ಹೊಸಬರಿಗೆ ಹೇಗೆ ಗೊತ್ತಾಗಬೇಕು? ಹೊಸಬರಿಗೆ ಇದು ತಿಳಿಯುವಷ್ಟರಲ್ಲಿ ಆ ಹುಡುಗಿ ಶಾಲೆ ಬಿಟ್ಟಾಗಿರುತ್ತದೆ. ತಂಡ 7ನೇ ಸ್ಥಾನಕ್ಕೆ ಇಳಿದರೆ ಮುಂದಿನ ವರ್ಷ ಮೇಲೇರಬಹುದು. ಶಾಲೆ ಬಿಟ್ಟ ಮಗುವಿಗೆ ಆ ವರ್ಷ ಮತ್ತೆ ಸಿಗುವುದು ಕಷ್ಟ.

ವರ್ಗಾವಣೆ ನಿಲ್ಲಿಸುವುದು ನಮ್ಮ ಕೈಯಲ್ಲಿಲ್ಲ. ನೆನಪು ಉಳಿಸುವುದು ನಮ್ಮ ಕೈಯಲ್ಲಿದೆ. ಬೂಟ್ ರೂಮಿನವರು ಬರೆದಿಟ್ಟಂತೆ ನಮ್ಮ ಶಾಲೆಯಲ್ಲೂ ಒಂದು ಪುಸ್ತಕ ಇರಲಿ. ವರ್ಗವಾಗುವ ಪ್ರತಿ ಶಿಕ್ಷಕರೂ ಹೋಗುವ ಮುನ್ನ ತಮ್ಮ ಮಕ್ಕಳ ಬಗ್ಗೆ ಎರಡು ಪುಟ ಬರೆಯಲಿ. ಮನೆಯ ಗುಟ್ಟುಗಳಿರುವ ಪುಸ್ತಕವಾದ್ದರಿಂದ ಅದು ಮುಖ್ಯೋಪಾಧ್ಯಾಯರ ಬೀರುವಿನಲ್ಲಿಯೇ ಇರಲಿ. ಹೊಸ ಶಿಕ್ಷಕರು ಬಂದ ಮೊದಲ ವಾರ, ಎಸ್‌ಡಿಎಂಸಿಯವರೂ ಹಳೆಯ ವಿದ್ಯಾರ್ಥಿಗಳೂ ಅವರೊಡನೆ ಒಂದು ಸಂಜೆ ಕುಳಿತು ಊರಿನ ಪರಿಚಯ ಮಾಡಿಕೊಡಲಿ. ಇಷ್ಟು ವರ್ಷ ಬೆಲ್ ಹೊಡೆದವರನ್ನೂ, ಬಿಸಿಯೂಟದ ಅಮ್ಮಂದಿರನ್ನೂ ಆ ದಿನ ಕರೆಯಬೇಕು. ಯಾವ ಮಗು ಹಸಿದು ಬಂದಿದೆ ಎಂಬುದು ಎಲ್ಲರಿಗಿಂತ ಮೊದಲು ಅವರಿಗೆ ತಿಳಿಯುತ್ತದೆ.

ಹೊಸದಾಗಿ ಬರುವ ಗುರುಗಳಲ್ಲಿ ನನ್ನದೊಂದು ವಿನಂತಿ. ನಿಮ್ಮ ಹೊಸ ರೀತಿಯನ್ನು ಧೈರ್ಯವಾಗಿ ತನ್ನಿ, ಈ ಶಾಲೆಗೆ ಅದು ಬೇಕು. ಬದಲಿಸುವ ಮೊದಲು ಇಲ್ಲಿದ್ದವರನ್ನು ಒಂದು ಮಾತು ಕೇಳಿ. ಹೊಸ ನೀರು ಬಂದು ಹಳೆ ನೀರನ್ನು ಕೊಚ್ಚಿಕೊಂಡು ಹೋಯಿತು ಎಂಬ ಗಾದೆ ನಮ್ಮಲ್ಲಿದೆ. ಕೆರೆ ತುಂಬುವುದು ಎರಡೂ ನೀರು ನಿಂತಾಗ.

ಪುಸ್ತಕದ ಖರ್ಚು, ಅದನ್ನಿಡಲು ಒಂದು ಬೀರುವಿನ ಖರ್ಚು ನಮ್ಮ ಬ್ಯಾಚಿನದು. ಬರೆಯುವ ಕೆಲಸ ಮಾತ್ರ ಗುರುಗಳದು.