ಪದವಿಗೂ ಒಂದು ಮೀಸಲಾತಿ ಇದೆ

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



‘ನಿಮಗ್ಯಾಕ್ರೀ ಮೀಸಲಾತಿ?’ ಅಂತ ಕಾಲೇಜಿನಲ್ಲಿ ನಮ್ಮನ್ನು ಕೇಳೋರಿದ್ದಾರೆ. ಕೇಳಲಿ. ನಾವೂ ಒಂದು ಪ್ರಶ್ನೆ ಕೇಳೋಣ. 1909ರ ಸುಧಾರಣೆಯಲ್ಲಿ ಬ್ರಿಟಿಷರು ಜಮೀನ್ದಾರರಿಗೆ, ವ್ಯಾಪಾರಿ ಸಂಘಗಳಿಗೆ ಶಾಸನಸಭೆಗಳಲ್ಲಿ ಪ್ರತ್ಯೇಕ ಸ್ಥಾನ ಕೊಟ್ಟರು. 1935ರ ಕಾಯ್ದೆಯಲ್ಲೂ ಅವು ಉಳಿದವು. ಆಗ ಯೋಗ್ಯತೆಯ ಮಾತು ಎಲ್ಲಿ ಹೋಗಿತ್ತು? ಭೂಮಿ ಇದ್ದವನಿಗೆ ಭೂಮಿ ಇದೆ ಅನ್ನೋದೇ ಯೋಗ್ಯತೆ!

ಸ್ವತಂತ್ರ ಭಾರತದ ಸಂವಿಧಾನ ಜಮೀನ್ದಾರರ ಸ್ಥಾನ ತೆಗೆದುಹಾಕಿತು. ಆದರೆ ವೃತ್ತಿಯ ಹೆಸರಿನ ಸ್ಥಾನಗಳು ವಿಧಾನ ಪರಿಷತ್ತಿನಲ್ಲಿ ಉಳಿದುಕೊಂಡವು. 171ನೇ ವಿಧಿ ನೋಡಿ. ನಮ್ಮ ಪರಿಷತ್ತಿನ 75 ಸ್ಥಾನಗಳಲ್ಲಿ 7 ಪದವೀಧರರಿಗೆ, 7 ಶಿಕ್ಷಕರಿಗೆ. ಶಿಕ್ಷಕರು ಅಂದರೆ ಪ್ರೌಢಶಾಲೆ ಮತ್ತು ಅದರ ಮೇಲಿನವರು. ನಮ್ಮ ಕೇರಿ ಮಕ್ಕಳಿಗೆ ಅಕ್ಷರ ಕಲಿಸುವ ಪ್ರಾಥಮಿಕ ಶಾಲೆ ಮೇಷ್ಟ್ರಿಗೆ ಅಲ್ಲಿ ಓಟಿಲ್ಲ. ಕೂಲಿಯವರಿಗೆ, ಬೀದಿ ಗುಡಿಸುವ ಪೌರಕಾರ್ಮಿಕರಿಗೆ ಕ್ಷೇತ್ರವೇ ಇಲ್ಲ. ಅವರದ್ದು ವೃತ್ತಿ ಅಲ್ಲವೇ?

ವಿಧಾನಸಭೆಯ 224ರಲ್ಲಿ 36 ಸ್ಥಾನ ಪರಿಶಿಷ್ಟ ಜಾತಿಗೆ, 15 ಪರಿಶಿಷ್ಟ ಪಂಗಡಕ್ಕೆ ಮೀಸಲು. ಪರಿಷತ್ತಿನಲ್ಲಿ ಎಷ್ಟು? ಒಂದೂ ಇಲ್ಲ. ಸಂವಿಧಾನದ 332ನೇ ವಿಧಿ ವಿಧಾನಸಭೆಗೆ ಮಾತ್ರ. ಕವಿ ಸಿದ್ಧಲಿಂಗಯ್ಯನವರು ಪರಿಷತ್ತಿಗೆ ಹೋದರು, ನಿಜ. ಅದು ನೇಮಕದ ದಾರಿ. ಸರ್ಕಾರ ಮನಸ್ಸು ಮಾಡಿದರೆ ತೆರೆಯುವ ಬಾಗಿಲು ಹಕ್ಕು ಆಗೋದಿಲ್ಲ.

ವ್ಯತ್ಯಾಸ ತಿಳಿದುಕೊಳ್ಳಿ. ನಮ್ಮ ಮೀಸಲಾತಿ ಕಸಿದುಕೊಂಡದ್ದಕ್ಕೆ ಸಿಕ್ಕ ಪಾಲು. ಪದವೀಧರ ಕ್ಷೇತ್ರ ಇದ್ದವರಿಗೆ ಸಿಕ್ಕ ಇನ್ನೊಂದು ಪಾಲು. ನಮ್ಮ ಅವ್ವನಿಗೆ ಒಂದು ಓಟು. ಪದವೀಧರ ಪ್ರೌಢಶಾಲಾ ಶಿಕ್ಷಕರಿಗೆ ವಿಧಾನಸಭೆಗೆ ಒಂದು, ಪರಿಷತ್ತಿಗೆ ಎರಡು. ಇದನ್ನು ಯಾರೂ ಮೀಸಲಾತಿ ಅನ್ನೋದಿಲ್ಲ!

ಹಾಗಂತ ದೂರ ನಿಲ್ಲೋಣವೇ? ಬೇಡ. ಈ ಹಾಸ್ಟೆಲಿನಿಂದ ಪದವಿ ಪಡೆದು 3 ವರ್ಷ ಆದವರೆಲ್ಲ ಆ ಕ್ಷೇತ್ರದ ಮತದಾರರಾಗಬಹುದು. ಆದರೆ ಹೆಸರು ತಾನಾಗಿ ಬರೋದಿಲ್ಲ. ಪ್ರತಿ ಚುನಾವಣೆಗೂ ಪಟ್ಟಿ ಹೊಸದಾಗಿ ಆಗುತ್ತೆ. 18ನೇ ನಮೂನೆ ತುಂಬಿ, ಪದವಿ ಪತ್ರದ ನಕಲು ಇಟ್ಟು, ನಾವೇ ಕೊಡಬೇಕು. ಹಿಂದಿನ ಬಾರಿ ಕೊಟ್ಟಿದ್ದೆ ಅಂದರೆ ನಡೆಯೋಲ್ಲ.

ಊರಿಗೆ ಹೋದಾಗ ಕೇರಿಯ ಪದವೀಧರರನ್ನು ಲೆಕ್ಕ ಹಾಕಿ. ಅಣ್ಣ, ಅಕ್ಕ, ಯಾರನ್ನೂ ಬಿಡಬೇಡಿ. ಅರ್ಜಿ ತುಂಬಿಸಿ. ಓಟು ಕೇಳಲು ಬಂದವರನ್ನು ನಿಲ್ಲಿಸಿ ಕೇಳಿ: ಪೌರಕಾರ್ಮಿಕರ ಸ್ಥಾನ ಎಲ್ಲಿ? ಪರಿಷತ್ತಿನಲ್ಲಿ ನಮ್ಮ ಪಾಲು ಎಲ್ಲಿ?