ಬರೆದವರೇ ಮಾರಿದ ಪುಸ್ತಕ



ಸ್ವಂತ ದುಡ್ಡು ಹಾಕಿ ಪುಸ್ತಕ ತಂದವರನ್ನು ನಮ್ಮ ಸಾಹಿತ್ಯ ವಲಯ ಒಂದು ಮೆಟ್ಟಿಲು ಕೆಳಗೇ ಇಟ್ಟು ನೋಡುತ್ತದೆ. ಬಿಡುಗಡೆ ಸಮಾರಂಭದ ಹಿಂದಿನ ಸಾಲಿನಲ್ಲಿ ಯಾರಾದರೊಬ್ಬರು "ಪ್ರಕಾಶಕರು ಸಿಗಲಿಲ್ಲವಂತೆ" ಎಂದು ಪಕ್ಕದವರ ಕಿವಿಯಲ್ಲಿ ಹೇಳಿಯೇ ಹೇಳುತ್ತಾರೆ. ಹಾಗೆ ಹೇಳುವವರು ಕನ್ನಡ ಪುಸ್ತಕ ಹೇಗೆ ಬೆಳೆಯಿತು ಎಂಬುದನ್ನು ಒಮ್ಮೆ ನೋಡಬೇಕು. ಆಧುನಿಕ ಕನ್ನಡದ ಎಷ್ಟೋ ದೊಡ್ಡ ಹೆಸರುಗಳು ತಮ್ಮ ಪುಸ್ತಕಕ್ಕೆ ತಾವೇ ಪ್ರಕಾಶಕರಾಗಿದ್ದವರವು.

ನಂಜನಗೂಡು ತಿರುಮಲಾಂಬ ಅವರಿಂದಲೇ ಆರಂಭಿಸುತ್ತೇನೆ. 1887ರಲ್ಲಿ ಹುಟ್ಟಿದವರು. ಎಳವೆಯಲ್ಲೇ ಮದುವೆ, ಎಳವೆಯಲ್ಲೇ ವೈಧವ್ಯ. ತಂದೆಯ ಆಸರೆಯಲ್ಲಿ ಮನೆಯೊಳಗೇ ಓದಿ, ಬರೆದು, 1913ರ ಹೊತ್ತಿಗೆ 'ಸತೀಹಿತೈಷಿಣೀ' ಎಂಬ ಗ್ರಂಥಮಾಲೆಯನ್ನು ಶುರುಮಾಡಿದರು. ಮಾಲೆಯಲ್ಲಿ 'ಸುಶೀಲೆ' ಕಾದಂಬರಿ ಬಂತು, ಓದುಗರು ಕೇಳಿ ಪಡೆದು ಮತ್ತೆ ಮತ್ತೆ ಅಚ್ಚಾಯಿತು. ಆಮೇಲೆ 'ಕರ್ನಾಟಕ ನಂದಿನಿ' ಎಂಬ ಪತ್ರಿಕೆಯನ್ನೂ ನಡೆಸಿದರು. ವಿಧವೆಯಾದ ಹೆಣ್ಣುಮಗಳು ಮನೆಯ ಹೊಸಿಲು ದಾಟುವುದೇ ಕಷ್ಟವಿದ್ದ ಕಾಲದಲ್ಲಿ ಅವರು ಬರೆದರು, ಅಚ್ಚು ಹಾಕಿಸಿದರು, ಅಂಚೆಯಲ್ಲಿ ಕಳಿಸಿದರು. ಅವರ ಓದುಗರಲ್ಲಿ ಹೆಚ್ಚಿನವರು ಅವರಂತೆಯೇ ಮನೆಯೊಳಗಿದ್ದ ಹೆಂಗಸರು. ವಿಮರ್ಶಕರು ಕೈಬಿಟ್ಟ ಮೇಲೆ ತಿರುಮಲಾಂಬ ದಶಕಗಳ ಕಾಲ ಮರೆವಿಗೆ ಸಂದರು. ಕೊನೆಗೆ ಅವರನ್ನು ಹುಡುಕಿ ಮತ್ತೆ ಬೆಳಕಿಗೆ ತಂದವರೂ ಹೆಣ್ಣುಮಕ್ಕಳೇ. ಸ್ವಂತ ಪ್ರಕಟಣೆ ಎಂದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಈ ತಾಯಿ.

ಉತ್ತರ ಕರ್ನಾಟಕದಲ್ಲಿ ಕಾದಂಬರಿಕಾರ ಗಳಗನಾಥರು ಪುಸ್ತಕದ ಹೊರೆ ಹೊತ್ತು ಊರೂರು ತಿರುಗಿ ಮಾರಿದ್ದನ್ನು ನೀವೆಲ್ಲ ಕೇಳಿದ್ದೀರಿ. ಈ ಕಥೆಯನ್ನು ನಾವು ಯಾವಾಗಲೂ ಕರುಣೆಯಿಂದ ಹೇಳುತ್ತೇವೆ, ಪಾಪ, ಅಷ್ಟು ದೊಡ್ಡ ಲೇಖಕ ಹೊರೆ ಹೊರಬೇಕಾಯಿತಲ್ಲ ಎಂದು. ನಾನು ಬೇರೆ ರೀತಿಯಲ್ಲಿ ನೋಡಬಯಸುತ್ತೇನೆ. ಹಾವೇರಿ ಸೀಮೆಯಲ್ಲಿ ಆಗ ಮರಾಠಿಯ ಪ್ರಭಾವ ದಟ್ಟವಾಗಿತ್ತು. ಕನ್ನಡದಲ್ಲಿ ಕಾದಂಬರಿ ಓದುವವರು ಯಾವ ಊರಿನಲ್ಲಿ ಇದ್ದಾರೆ, ಯಾವ ಓಣಿಯಲ್ಲಿ ಇದ್ದಾರೆ ಎಂದು ಯಾವ ಅಂಗಡಿಗೂ ಗೊತ್ತಿರಲಿಲ್ಲ. ಗಳಗನಾಥರಿಗೆ ಗೊತ್ತಿತ್ತು. ತಲೆಯ ಮೇಲಿನ ಹೊರೆ ಇಳಿಸಿದ ಪ್ರತಿ ಕಟ್ಟೆಯಲ್ಲಿ ಅವರು ಓದುಗರನ್ನು ಕಂಡರು, ಮಾತಾಡಿದರು, ಮುಂದಿನ ಕಥೆ ಏನಿರಬೇಕೆಂದು ತಿಳಿದರು.

ಕುವೆಂಪು ಅವರಿಗೆ ಉದಯರವಿ ಪ್ರಕಾಶನ ಇತ್ತು, ಮಾಸ್ತಿಯವರಿಗೆ ಜೀವನ ಕಾರ್ಯಾಲಯ, ರಾಜರತ್ನಂ ಅವರಿಗೆ ಶಾಕ್ಯ ಸಾಹಿತ್ಯ ಮಂಟಪ. ಕಾರಂತರು ಪುತ್ತೂರಿನಲ್ಲಿ ಸ್ವಂತ ಮುದ್ರಣಾಲಯವನ್ನೇ ಹಾಕಿದರು. ಇವರ್ಯಾರೂ ಪ್ರಕಾಶಕರು ಸಿಗದೆ ಹೀಗೆ ಮಾಡಿದವರಲ್ಲ.

1933ರಲ್ಲಿ ಧಾರವಾಡದಲ್ಲಿ ಜಿ.ಬಿ. ಜೋಶಿಯವರು ಆರಂಭಿಸಿದ ಮನೋಹರ ಗ್ರಂಥಮಾಲೆ ಒಬ್ಬ ಲೇಖಕರ ಸ್ವಂತ ಪುಸ್ತಕಗಳಿಗೆಂದೇ ಇದ್ದ ಸಂಸ್ಥೆಯಲ್ಲ, ಆದರೂ ಅದರ ಕ್ರಮ ನಮಗೆ ಬೇಕು. ಚಂದಾದಾರರು ಮೊದಲೇ ಹಣ ಕಟ್ಟುತ್ತಿದ್ದರು, ವರ್ಷದಲ್ಲಿ ಅವರ ಮನೆಗೆ ಪುಸ್ತಕಗಳು ಬರುತ್ತಿದ್ದವು. ಗಿರೀಶ ಕಾರ್ನಾಡರ 'ಯಯಾತಿ' ನಾಟಕ ಈ ಮಾಲೆಯಲ್ಲಿ 1961ರಲ್ಲಿ ಬಂದಾಗ ಲೇಖಕನ ಹೆಸರನ್ನೇ ಕೇಳದ ಚಂದಾದಾರರ ಕೈಗೂ ಅದು ತಲುಪಿತು. ಹೊಸ ಲೇಖಕನಿಗೆ ಇದಕ್ಕಿಂತ ದೊಡ್ಡ ಪ್ರಚಾರ ಬೇರೆ ಇಲ್ಲ. ಮಾಲೆಯ ನಿಜವಾದ ಆಸ್ತಿ ಚಂದಾದಾರರ ಹೆಸರು, ವಿಳಾಸ ಬರೆದ ಪಟ್ಟಿ.

ನಾನು ಇಂದು ಹೇಳಬೇಕೆಂದಿರುವುದು ಈ ಪಟ್ಟಿಯ ಬಗ್ಗೆಯೇ. ಕನ್ನಡದ ಲೇಖಕ-ಪ್ರಕಾಶಕರು ಬಡವಾದದ್ದು ಓದುಗರು ಕಡಿಮೆಯಾದ್ದರಿಂದ ಎನ್ನುವುದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಓದುಗರ ವಿಳಾಸವನ್ನು ನಾವು ಕಳೆದುಕೊಂಡೆವು. ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1965ರಲ್ಲಿ ಬಂತು, ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ಬಂತು, ಸಗಟು ಖರೀದಿ ಬಂತು. ಹಳ್ಳಿಯ ಓದುಗನಿಗೆ ಪುಸ್ತಕ ಮುಟ್ಟಿಸಿದ ದೊಡ್ಡ ಕೆಲಸ ಅದು, ಅದಕ್ಕೆ ಕೈಮುಗಿಯುತ್ತೇನೆ. ಆದರೆ ಕಾಲಕ್ರಮದಲ್ಲಿ ಮುನ್ನೂರು ಪ್ರತಿ ಗ್ರಂಥಾಲಯ ಇಲಾಖೆಗೆ ಎಂಬ ಲೆಕ್ಕವೇ ಪುಸ್ತಕದ ಒಟ್ಟು ಲೆಕ್ಕವಾಯಿತು. ಪುಟಕ್ಕಿಷ್ಟು ಎಂದು ಬೆಲೆ ಕಟ್ಟುವುದರಿಂದ ಪುಟ ಹಿಗ್ಗಿತು. ಹಣ ಬರುವುದು ತಡವಾದರೆ ಮುಂದಿನ ಪುಸ್ತಕವೂ ನಿಂತಿತು. ಓದುವವರು ಯಾರೆಂದು ತಿಳಿಯಬೇಕಾದ ಅಗತ್ಯವೇ ಉಳಿಯಲಿಲ್ಲ. ಸಗಟು ಖರೀದಿಗೆ ಅರ್ಜಿ ಹಾಕಿ, ಹಾಕಲೇಬೇಕು. ಅದು ಬಂದರೆ ಬರಲಿ, ಅದನ್ನು ನಂಬಿ ಅಚ್ಚಿಗೆ ಕೊಡಬೇಡಿ.

ಈಗ ಲೆಕ್ಕಕ್ಕೆ ಬರುತ್ತೇನೆ. ಸಾಹಿತ್ಯ ಸಭೆಯಲ್ಲಿ ದುಡ್ಡಿನ ಮಾತು ಯಾಕೆ ಎನ್ನಬೇಡಿ. ಲೆಕ್ಕ ಬರೆಯದೆ ಸೋತ ಲೇಖಕರು ಎರಡನೆಯ ಪುಸ್ತಕ ಬರೆಯುವುದನ್ನೇ ಬಿಟ್ಟಿದ್ದಾರೆ. ಅದು ಸಾಹಿತ್ಯಕ್ಕೇ ಆದ ನಷ್ಟ.

ಡೆಮಿ ಅಷ್ಟದಳ ಆಕಾರದ ಇನ್ನೂರು ಪುಟದ ಪುಸ್ತಕ ಎಂದಿಟ್ಟುಕೊಳ್ಳೋಣ. ಅಂಕಿಗಳು ಉದಾಹರಣೆಗೆ ಹಿಡಿದವು, ನಿಮ್ಮ ಊರಿನ ಮುದ್ರಕರ ದರ ಬೇರೆ ಇರಬಹುದು. ಡಿಟಿಪಿ, ಕರಡು ತಿದ್ದುವಿಕೆ, ರಕ್ಷಾಪುಟದ ಕಲಾವಿದರ ಸಂಭಾವನೆ ಸೇರಿ 25,000 ರೂಪಾಯಿ. 500 ಪ್ರತಿಯ ಮುದ್ರಣಕ್ಕೆ ಪ್ರತಿಗೆ 80ರಂತೆ 40,000. ಒಟ್ಟು 65,000, ಅಂದರೆ ಒಂದು ಪ್ರತಿಗೆ 130. ಮುಖಬೆಲೆ 250 ಇಡುತ್ತೀರಿ. ಅಂಗಡಿಗೆ ಶೇಕಡಾ 40 ರಿಯಾಯಿತಿ ಕೊಟ್ಟರೆ ನಿಮ್ಮ ಕೈಗೆ 150 ಬರುತ್ತದೆ, ಉಳಿಯುವುದು 20. ಅದೂ ಪುಸ್ತಕ ಮಾರಾಟವಾಗಿ, ಲೆಕ್ಕ ಚುಕ್ತಾ ಆದ ಮೇಲೆ. ಅದೇ ಪುಸ್ತಕವನ್ನು ಬೇರೆ ಪ್ರಕಾಶಕರು ತಂದು ನಿಮಗೆ ಶೇಕಡಾ 10 ಗೌರವಧನ ಕೊಟ್ಟಿದ್ದರೆ ಒಂದು ರೂಪಾಯಿಯೂ ಹಾಕದೆ ಪ್ರತಿಗೆ 25 ಬರುತ್ತಿತ್ತು. ಅಂಗಡಿಯನ್ನೇ ನಂಬಿ ಸ್ವಂತ ಪ್ರಕಟಣೆಗೆ ಇಳಿದವರು ನಷ್ಟದ ಅಪಾಯವನ್ನೂ ಹೊತ್ತು, ಗೌರವಧನಕ್ಕಿಂತ ಕಡಿಮೆಯನ್ನೇ ಪಡೆಯುತ್ತಾರೆ.

ಓದುಗರಿಗೆ ನೇರವಾಗಿ ಕಳಿಸಿದರೆ? ಶೇಕಡಾ 10 ರಿಯಾಯಿತಿ ಕೊಟ್ಟು 225 ಪಡೆಯಿರಿ. ಅಂಚೆಗೆ, ಲಕೋಟೆಗೆ 30 ಹೋದರೆ 195. ಮುನ್ನೂರ ಮೂವತ್ತನಾಲ್ಕನೆಯ ಪ್ರತಿ ಮಾರಾಟವಾದ ದಿನ ಹಾಕಿದ ಹಣ ಹಿಂದಕ್ಕೆ ಬಂದಿರುತ್ತದೆ. ಉಳಿದ ಪ್ರತಿಗಳು ನಿಮ್ಮ ಶ್ರಮದ ಫಲ. ಆದರೆ ಗೌರವ ಪ್ರತಿ ಎಂದು ಐವತ್ತು ಹಂಚಿದರೆ 6,500 ರೂಪಾಯಿ ಖರ್ಚು ಹಂಚಿದಂತೆ. ವಿಮರ್ಶೆ ಬರೆಯುವವರಿಗೆ, ಪತ್ರಿಕೆಗಳಿಗೆ ಕೊಡಿ, ನೆಂಟರಿಷ್ಟರು ಕೊಂಡು ಓದಲಿ. ಕೊಂಡ ಪುಸ್ತಕವನ್ನೇ ಜನ ಓದುತ್ತಾರೆ.

ನಿಜವಾದ ಲಾಭ ಎರಡನೆಯ ಮುದ್ರಣದಲ್ಲಿದೆ. ಆಗ ಡಿಟಿಪಿ, ಕರಡು, ರಕ್ಷಾಪುಟದ 25,000 ಮತ್ತೆ ಬೇಕಿಲ್ಲ, ಪ್ರತಿಗೆ 80 ಅಷ್ಟೇ ಖರ್ಚು, ನೇರ ಮಾರಾಟದಲ್ಲಿ 115 ಉಳಿಯುತ್ತದೆ. ಆದ್ದರಿಂದ ಮೊದಲ ಸಲವೇ ಸಾವಿರ ಪ್ರತಿ ಹಾಕಿಸಿ ಅಟ್ಟದಲ್ಲಿಡುವ ಆಸೆಗೆ ಬೀಳಬೇಡಿ. ಪ್ರತಿಗೆ ಹತ್ತು ರೂಪಾಯಿ ಉಳಿಯಿತೆಂದು ಮುದ್ರಕರು ಹೇಳುತ್ತಾರೆ, ಗೆದ್ದಲು ತಿಂದ ಪ್ರತಿಗೆ ಯಾರೂ ಲೆಕ್ಕ ಕೊಡುವುದಿಲ್ಲ.

ಅಂಚೆಯ ವಿಷಯ ಸಣ್ಣದೆನಿಸಬಹುದು. 2024ರ ಡಿಸೆಂಬರಿನಲ್ಲಿ ಅಂಚೆ ಇಲಾಖೆ ನೋಂದಾಯಿತ ಬುಕ್‌ಪೋಸ್ಟ್ ಸೌಲಭ್ಯವನ್ನು ನಿಲ್ಲಿಸಿದಾಗ ನಮ್ಮಂಥ ಸಣ್ಣ ಪ್ರಕಾಶಕರಿಗೆ ಕೈಕಾಲು ಆಡದಂತಾಯಿತು. 2025ರ ಮೇ 1ರಿಂದ ಪುಸ್ತಕ ಕಳಿಸಲು ಜ್ಞಾನ ಪೋಸ್ಟ್ ಎಂಬ ಸೇವೆ ಬಂದಿದೆ. ಆರಂಭದ ದರ 300 ಗ್ರಾಂವರೆಗೆ 20 ರೂಪಾಯಿ, ಐದು ಕಿಲೋವರೆಗೆ 100 ರೂಪಾಯಿ, ತೆರಿಗೆ ಬೇರೆ. ನಿಮ್ಮ ಪುಸ್ತಕ ಅದರ ನಿಯಮಕ್ಕೆ ಹೊಂದುತ್ತದೆಯೇ ಎಂದು ಅಂಚೆ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಿ. 70 ಜಿಎಸ್‌ಎಂ ಕಾಗದದ ಇನ್ನೂರು ಪುಟದ ಡೆಮಿ ಪುಸ್ತಕ ಸುಮಾರು 230 ಗ್ರಾಂ ತೂಗುತ್ತದೆ, ಇನ್ನೂರ ಎಂಬತ್ತು ಪುಟವಾದರೆ ಮುನ್ನೂರನ್ನು ದಾಟುತ್ತದೆ. ಕಾಗದ ಆರಿಸುವಾಗಲೇ ತಕ್ಕಡಿ ನೋಡುವವರಿಗೆ ಪ್ರತಿ ಲಕೋಟೆಯಲ್ಲೂ ಉಳಿತಾಯವಿದೆ.

ಓದುಗರು ಎಲ್ಲಿ ಸಿಗುತ್ತಾರೆ? ಮುದ್ರಣಪೂರ್ವ ರಿಯಾಯಿತಿ ಎಂಬ ಹಳೆಯ ಕ್ರಮಕ್ಕೆ ಹಿಂತಿರುಗಿ. ಅಚ್ಚಿಗೆ ಹೋಗುವ ಒಂದು ತಿಂಗಳು ಮುಂಚೆ ಒಂದು ಅಧ್ಯಾಯವನ್ನು ಪತ್ರಿಕೆಗೆ ಕೊಡಿ, ಪುಸ್ತಕ ಯಾವುದರ ಬಗ್ಗೆ ಎಂದು ನಾಲ್ಕು ಸಾಲು ಬರೆದು ವಾಟ್ಸಾಪಿನಲ್ಲಿ, ಫೇಸ್‌ಬುಕ್ಕಿನಲ್ಲಿ ಹಾಕಿ, ಯುಪಿಐ ಮೂಲಕ ಮುಂಗಡ ಪಡೆಯಿರಿ. ಹಣ ಕಟ್ಟಿದವರ ಹೆಸರು, ಊರು, ಯಾವ ಪುಸ್ತಕ ಕೊಂಡರು ಎಂಬುದನ್ನು ನೋಟುಪುಸ್ತಕದಲ್ಲಿ ಬರೆದಿಡಿ. ಎರಡನೆಯ ಪುಸ್ತಕಕ್ಕೆ ಆ ಪುಟವೇ ನಿಮ್ಮ ಮೂಲಧನ. ಪುಸ್ತಕದ ವಿಷಯಕ್ಕೆ ಹತ್ತಿರವಿರುವ ಜನರನ್ನು ಹುಡುಕುವುದು ಸಾಹಿತಿಗಳ ಗುಂಪಿನಲ್ಲಿ ಹಂಚುವುದಕ್ಕಿಂತ ಫಲ ಕೊಡುತ್ತದೆ. ಅಡಿಕೆ ಬೆಳೆಗಾರರ ಬದುಕಿನ ಕಾದಂಬರಿ ಬರೆದವರು ಶಿರಸಿ, ಸಾಗರ, ಪುತ್ತೂರಿನ ಸಹಕಾರ ಸಂಘಗಳ ವಾರ್ಷಿಕ ಸಭೆಗೆ ಹೋಗಬೇಕು. ನರ್ಸುಗಳ ಕಥೆ ಬರೆದವರು ನರ್ಸಿಂಗ್ ಕಾಲೇಜಿಗೆ ಹೋಗಬೇಕು. ಸಾಹಿತ್ಯ ಸಮ್ಮೇಳನದ ಮಳಿಗೆಯಲ್ಲಿ ಲೇಖಕರೇ ಕೂತರೆ ವ್ಯಾಪಾರ ಬೇರೆ ಥರ ನಡೆಯುತ್ತದೆ. ಹೊರದೇಶದಲ್ಲಿರುವ ಕನ್ನಡಿಗರಿಗೆ ಅಂಚೆವೆಚ್ಚವೇ ಪುಸ್ತಕದ ಬೆಲೆಯನ್ನು ಮೀರುತ್ತದೆ. ಅವರಿಗಾಗಿ ಮೈಲ್ಯಾಂಗ್‌ನಂಥ ವೇದಿಕೆಯಲ್ಲಿ ಇ-ಪುಸ್ತಕ, ಕೇಳುಪುಸ್ತಕ ಇರಲಿ.

ನಮ್ಮ ಕಾಲದಲ್ಲಿ ಸ್ವಂತ ಪ್ರಕಟಣೆಯನ್ನು ಗೆಲ್ಲಿಸಿ ತೋರಿಸಿದವರು ಲೇಖಕ ವಸುಧೇಂದ್ರ. ಸಾಫ್ಟ್‌ವೇರ್ ಉದ್ಯೋಗದಿಂದ ಬಂದವರು ಛಂದ ಪುಸ್ತಕ ಎಂಬ ಪ್ರಕಾಶನ ಕಟ್ಟಿದರು, ತಮ್ಮ ಪುಸ್ತಕಗಳ ಜೊತೆ ಹೊಸ ಕಥೆಗಾರರ ಹಸ್ತಪ್ರತಿಗಳನ್ನೂ ಬಹುಮಾನ ಕೊಟ್ಟು ಪ್ರಕಟಿಸಿದರು. ಅವರ 'ತೇಜೋ ತುಂಗಭದ್ರಾ' ಕಾದಂಬರಿ ಕನ್ನಡದಲ್ಲಿ ಗೆದ್ದು, ಆಮೇಲೆ ಇಂಗ್ಲಿಷಿಗೆ ಹೋಯಿತು. ತಾವು ಬೆಳೆದ ದಾರಿಯಲ್ಲಿ ಇನ್ನೊಬ್ಬರನ್ನೂ ಕರೆದುಕೊಂಡು ಹೋದದ್ದನ್ನು ನಾನು ವಿಶೇಷವಾಗಿ ಗೌರವಿಸುತ್ತೇನೆ.

ಬರವಣಿಗೆಯ ಬಗ್ಗೆ ಒಂದೇ ಮಾತು, ಆದರೆ ಅದನ್ನು ಒತ್ತಿ ಹೇಳುತ್ತೇನೆ. ಒಳ್ಳೆಯ ಪ್ರಕಾಶನ ಸಂಸ್ಥೆ ಲೇಖಕನಿಗೆ ಕೊಡುತ್ತಿದ್ದುದು ಹಣಕ್ಕಿಂತ ಹೆಚ್ಚಾಗಿ ಇನ್ನೊಂದು ಜೋಡಿ ಕಣ್ಣು. ಮನೋಹರ ಗ್ರಂಥಮಾಲೆಯ ಹಿಂದೆ ಕೀರ್ತಿನಾಥ ಕುರ್ತಕೋಟಿಯವರಂಥ ಓದುಗರಿದ್ದರು. ಸ್ವಂತ ಪ್ರಕಟಣೆಯಲ್ಲಿ ಆ ಕುರ್ಚಿ ಖಾಲಿ ಇರುತ್ತದೆ. ನಿಮ್ಮನ್ನು ಮೆಚ್ಚಿಸಬೇಕಿಲ್ಲದ ಒಬ್ಬರ ಕೈಗೆ ಹಸ್ತಪ್ರತಿ ಕೊಡಿ, ಆರು ತಿಂಗಳು ಕಾಯಿರಿ, ಅವರು ಕತ್ತರಿಸು ಎಂದಲ್ಲಿ ಕತ್ತರಿಸಿ. ಕರಡು ತಿದ್ದುವವರಿಗೆ ಸರಿಯಾದ ಸಂಬಳ ಕೊಡಿ. ಅಕ್ಷರದೋಷ ತುಂಬಿದ ಪುಸ್ತಕವನ್ನು ಕೊಂಡ ಓದುಗರು ನಿಮ್ಮ ಮುಂದಿನ ಪುಸ್ತಕಕ್ಕೆ ಮುಂಗಡ ಕಟ್ಟುವುದಿಲ್ಲ.

ಸರ್ಕಾರದ ಕೆಲಸಗಳು ಕೆಲವಿವೆ. ಐಎಸ್‌ಬಿಎನ್ ಸಂಖ್ಯೆಯನ್ನು ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಸಂಸ್ಥೆ ಉಚಿತವಾಗಿ ಕೊಡುತ್ತದೆ, ಲೇಖಕರು ತಮ್ಮ ಹೆಸರಿನಲ್ಲೇ ಪಡೆಯಬಹುದು, ದಲ್ಲಾಳಿಗೆ ದುಡ್ಡು ಕೊಡಬೇಡಿ. 1954ರ ಕಾಯ್ದೆಯಂತೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈ, ಮುಂಬೈ, ದೆಹಲಿಯ ಗ್ರಂಥಾಲಯಗಳಿಗೂ ಒಂದೊಂದು ಪ್ರತಿ ಕಳಿಸಬೇಕು. ಮೊದಲ ಪುಸ್ತಕ ತರುವ ಯುವಕರಿಗೆ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹಧನ ಇದೆ.

ಕೊನೆಯದಾಗಿ ಹಕ್ಕಿನ ವಿಷಯ. ನಿಮ್ಮ ಪುಸ್ತಕ ಗೆದ್ದ ಮೇಲೆ ನಾಟಕದವರು, ಚಲನಚಿತ್ರದವರು, ಕೇಳುಪುಸ್ತಕದವರು, ಅನುವಾದಕರು ಬರುತ್ತಾರೆ. ಸಂತೋಷದಲ್ಲಿ ಅವರು ತೋರಿಸಿದಲ್ಲಿ ಸಹಿ ಹಾಕಬೇಡಿ. 1957ರ ಹಕ್ಕುಸ್ವಾಮ್ಯ ಕಾಯ್ದೆ ಲೇಖಕರ ಪರವಾಗಿಯೇ ಇದೆ. ಹಕ್ಕಿನ ವರ್ಗಾವಣೆ ಬರವಣಿಗೆಯಲ್ಲಿ ಇರಬೇಕು. ಅವಧಿ ಬರೆಯದಿದ್ದರೆ ಐದು ವರ್ಷ ಎಂದೂ, ಪ್ರದೇಶ ಬರೆಯದಿದ್ದರೆ ಭಾರತ ಎಂದೂ ಭಾವಿಸಬೇಕು. ಪಡೆದವರು ಒಂದು ವರ್ಷದೊಳಗೆ ಬಳಸದಿದ್ದರೆ, ಒಪ್ಪಂದದಲ್ಲಿ ಬೇರೆ ಹೇಳದ ಹೊರತು, ಹಕ್ಕು ಹಿಂದಕ್ಕೆ ಬರುತ್ತದೆ. ಒಪ್ಪಂದದ ಕಾಲಕ್ಕೆ ಚಾಲ್ತಿಯಲ್ಲೇ ಇರದಿದ್ದ ಮಾಧ್ಯಮಕ್ಕೆ, ಅದನ್ನು ಹೆಸರಿಸಿ ಬರೆಯದ ಹೊರತು, ವರ್ಗಾವಣೆ ಅನ್ವಯಿಸುವುದಿಲ್ಲ ಎಂಬುದನ್ನು 2012ರ ತಿದ್ದುಪಡಿ ಸೇರಿಸಿತು. ಒಂದೊಂದು ರೂಪಕ್ಕೂ ಒಂದೊಂದು ಒಪ್ಪಂದ ಮಾಡಿಕೊಳ್ಳಿ.

ಲೇಖಕರು ತೀರಿಕೊಂಡ ಮೇಲೂ ಅರವತ್ತು ವರ್ಷ ಈ ಹಕ್ಕು ಬದುಕಿರುತ್ತದೆ. ನಮ್ಮಲ್ಲಿ ಒಳ್ಳೆಯ ಪುಸ್ತಕಗಳು ಮರುಮುದ್ರಣವಾಗದೆ ನಿಂತಿರುವುದಕ್ಕೆ, ಅನುಮತಿ ಕೊಡಬೇಕಾದ ವಾರಸುದಾರರು ಯಾರೆಂದು ತಿಳಿಯದಿರುವುದೂ ಒಂದು ಕಾರಣ. ಮಕ್ಕಳು ನಾಲ್ಕು ಊರಿನಲ್ಲಿರುತ್ತಾರೆ, ನಾಲ್ವರ ಒಪ್ಪಿಗೆಯೂ ಬೇಕಾಗುತ್ತದೆ. ಮನೆ, ಹೊಲಕ್ಕೆ ಮೃತ್ಯುಪತ್ರ ಬರೆಯುವಾಗ ಪುಸ್ತಕಗಳನ್ನೂ ಅದರಲ್ಲಿ ಸೇರಿಸಿ. ಪ್ರತಿ ಪುಸ್ತಕದ ಹೆಸರು, ಯಾರಿಗೆ ಯಾವ ಹಕ್ಕು ಎಷ್ಟು ವರ್ಷಕ್ಕೆ ಕೊಟ್ಟಿದ್ದೀರಿ, ಪುಟವಿನ್ಯಾಸದ ಮೂಲ ಕಡತ ಯಾರ ಬಳಿ ಇದೆ, ಮರುಮುದ್ರಣಕ್ಕೆ ಅನುಮತಿ ಕೊಡುವ ಒಬ್ಬರು ಯಾರು ಎಂಬುದನ್ನು ಬರೆದು, ಓದುಗರ ವಿಳಾಸದ ಆ ನೋಟುಪುಸ್ತಕವನ್ನೂ ಅವರಿಗೇ ಒಪ್ಪಿಸಿ.